ಭಾವಚಿತ್ರದ ಅಂಚು ಕತ್ತರಿಸುವ ಕ್ರಮ

ನಮ್ಮ ವಾಚನಾಲಯಕ್ಕೆ ಸಂಜೆ ಹೊತ್ತು ಬರುವವರಲ್ಲಿ ವೃತ್ತಪತ್ರಿಕೆ ಓದುವವರಷ್ಟೇ ಮಂದಿ ಈಚೆಗೆ ಮೊಬೈಲು ಹಿಡಿದು ಮೂಲೆಯ ಬೆಂಚಿನಲ್ಲಿ ತಲೆ ಕೆರೆದುಕೊಳ್ಳುತ್ತ ಕೂತಿರುತ್ತಾರೆ. ವಿಚಾರಿಸಿದರೆ ಕಾರಣ ಹೆಚ್ಚುಕಡಿಮೆ ಒಂದೇ. ಬ್ಯಾಂಕಿನ ಗುಮಾಸ್ತೆ ಪರೀಕ್ಷೆಗೋ, ಮಗುವಿನ ಪಾಸ್‌ಪೋರ್ಟಿಗೋ, ಊರಿನ ಯಾವುದೋ ಅರ್ಜಿಗೋ ಫೋಟೋ ಸೇರಿಸಬೇಕು. ಸೇರಿಸಿದರೆ ಯಂತ್ರ ಒಪ್ಪುವುದಿಲ್ಲ. ಅಳತೆ ಸರಿಯಿಲ್ಲವೆಂದು ಕೆಂಪಕ್ಷರದಲ್ಲಿ ಹಿಂದಕ್ಕೆ ತಳ್ಳುತ್ತದೆ. ಆರ್ಕಾಟ್ ರಸ್ತೆಯ ಅಂಗಡಿಗೆ ಹೋದರೆ ಅಲ್ಲಿಯ ಹುಡುಗ ಎರಡು ನಿಮಿಷದಲ್ಲಿ ಸರಿಮಾಡಿ ಕೊಡುತ್ತಾನೆ, ಹಣ ಎಣಿಸಿಕೊಳ್ಳುತ್ತಾನೆ. ಹಣದ ಮಾತು ಹಾಗಿರಲಿ. ನಮ್ಮ ಮುಖ, ನಮ್ಮ ರುಜು, ನಮ್ಮ ಆಧಾರ್ ಕಾರ್ಡು ಮೂರೂ ಆ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಹೋಗುತ್ತವಲ್ಲ, ಅದನ್ನು ಯಾರೂ ಯೋಚಿಸುವುದಿಲ್ಲ.

ಆದಕಾರಣ ಈ ಸಂಚಿಕೆಯಲ್ಲಿ ಫೋಟೋ ತಿದ್ದುವ ಸಾಧನಗಳಲ್ಲಿರುವ ‘ಕ್ರಾಪ್’ ಎಂಬುದರ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇವೆ. ಇದು ದೊಡ್ಡ ವಿದ್ಯೆಯಲ್ಲ. ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ನಮ್ಮಂಥವರಿಗೆ ಕೈಗೆಟುಕಿದ ಮೇಲೆ ಓದುಗರಿಗೆ ಎಟುಕದೆ ಇರಲಾರದು.

ಕ್ರಾಪ್ ಎಂಬ ಮಾತು ನಮ್ಮವರಿಗೆ ಹೊಸತೂ ಅಲ್ಲ. ಜುಟ್ಟು ತೆಗೆಸಿ ಕ್ರಾಪು ಮಾಡಿಸಿಕೊಂಡು ಬಂದ ಮಗನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ ಅಜ್ಜಂದಿರ ಕಥೆಯನ್ನು ನಮ್ಮಲ್ಲಿ ಅನೇಕರು ಮನೆಯಲ್ಲಿ ಕೇಳಿದ್ದೇವೆ. ಆ ಕ್ರಾಪೂ ಈ ಕ್ರಾಪೂ ಒಂದೇ. ಅಂಚು ಕತ್ತರಿಸುವುದು ಎಂದಷ್ಟೇ ಅರ್ಥ. ಪಟದ ನಾಲ್ಕು ಬದಿಗಳಲ್ಲಿ ಬೇಡವಾದದ್ದನ್ನು ತೆಗೆದು ಬೇಕಾದಷ್ಟನ್ನು ಉಳಿಸಿಕೊಳ್ಳುವುದು.

ಕಂಪ್ಯೂಟರು ಬರುವ ಮುಂಚೆಯೂ ಈ ಕೆಲಸ ನಡೆಯುತ್ತಿತ್ತು. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನೆಗೆಟಿವನ್ನು ಹಿಗ್ಗಿಸುವ ದೀಪದ ಕೆಳಗೆ ನಾಲ್ಕು ತಗಡಿನ ಪಟ್ಟಿಗಳುಳ್ಳ ಒಂದು ಚೌಕಟ್ಟು ಇರುತ್ತಿತ್ತು. ಪಟ್ಟಿಗಳನ್ನು ಹಿಂದೆ ಮುಂದೆ ಸರಿಸಿ, ಎಷ್ಟು ಭಾಗ ಕಾಗದದ ಮೇಲೆ ಬೀಳಬೇಕೆಂದು ಗೊತ್ತುಮಾಡುತ್ತಿದ್ದರು. ಪತ್ರಿಕಾ ಕಚೇರಿಗಳಲ್ಲಿ ಬಡಗಿಯ ಮೂಲೆಮಟ್ಟದ ಆಕಾರಕ್ಕೆ ಕತ್ತರಿಸಿದ ಎರಡು ರಟ್ಟುಗಳನ್ನು ಅಚ್ಚಾದ ಪಟದ ಮೇಲೆ ಎದುರುಬದುರಾಗಿ ಇಟ್ಟು ಸರಿಸಿ ನೋಡಿ, ಒಪ್ಪಿದ ಜಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಇಂದು ಫೋನಿನಲ್ಲಿ ಕ್ರಾಪ್ ಒತ್ತಿದ ಕೂಡಲೆ ಪಟದ ನಾಲ್ಕು ಮೂಲೆಗಳಲ್ಲಿ ಕಾಣಿಸಿಕೊಳ್ಳುವ ದಪ್ಪ ಗೆರೆಗಳ ಆಕಾರ ಆ ರಟ್ಟುಗಳದೇ. ಈಗಲೂ ಮನೆಯಲ್ಲಿ ಹಾಳು ಕ್ಯಾಲೆಂಡರಿನ ರಟ್ಟಿನಿಂದ ಇಂಥ ಒಂದು ಜೊತೆ ಮಾಡಿಟ್ಟುಕೊಂಡರೆ ಆಲ್ಬಮ್ಮಿನ ಯಾವ ಪಟವನ್ನು ಎಲ್ಲಿ ಕತ್ತರಿಸಬಹುದೆಂದು ಕತ್ತರಿ ಮುಟ್ಟದೆಯೇ ನೋಡಬಹುದು.

ಇನ್ನು ವಿಷಯಕ್ಕೆ ಬರೋಣ. ಫೋನಿನ ಫೋಟೋ ಎಂದರೆ ಚುಕ್ಕೆಗಳ ಒಂದು ಜಮಖಾನ. ಒಂದೊಂದು ಚುಕ್ಕೆಗೂ ಪಿಕ್ಸೆಲ್ ಎಂದು ಹೆಸರು. ೧೨ ಮೆಗಾಪಿಕ್ಸೆಲ್ ಎಂದು ಹೇಳುವ ಕ್ಯಾಮೆರಾದಲ್ಲಿ ಅಡ್ಡಕ್ಕೆ ೪,೦೦೦, ಉದ್ದಕ್ಕೆ ೩,೦೦೦, ಗುಣಿಸಿದರೆ ೧ ಕೋಟಿ ೨೦ ಲಕ್ಷ ಚುಕ್ಕೆಗಳಿರುತ್ತವೆ. ಆ ಪಟದಿಂದ ೧,೦೦೦ಕ್ಕೆ ೧,೦೦೦ ಚುಕ್ಕೆಯ ಒಂದು ಚೌಕವನ್ನು ಕತ್ತರಿಸಿಕೊಂಡರೆ ಉಳಿಯುವುದು ೧೦ ಲಕ್ಷ ಮಾತ್ರ; ಹನ್ನೆರಡರಲ್ಲಿ ಒಂದು ಪಾಲು. ಹನ್ನೊಂದು ಪಾಲು ಹೋಯಿತು. ಕತ್ತರಿಸಿದ ಮೇಲೆ ಪರದೆಯಲ್ಲಿ ಮುಖ ದೊಡ್ಡದಾಗಿ ಕಾಣುತ್ತದೆ ನಿಜ, ಆದರೆ ಅದು ಹತ್ತಿರ ಬಂದದ್ದರಿಂದ ದೊಡ್ಡದಾದದ್ದಲ್ಲ, ಸುತ್ತಲಿನದು ಹೋದದ್ದರಿಂದ ಆದದ್ದು. ಪೋರೂರು ಕೆರೆಯ ಏರಿಯ ಮೇಲೆ ದೂರದಲ್ಲಿ ನಿಂತ ಮನುಷ್ಯನನ್ನು ತೆಗೆದ ಪಟದಿಂದ ಅರ್ಜಿಗೆ ಮುಖ ಕತ್ತರಿಸಿಕೊಳ್ಳಹೊರಟರೆ ಕಣ್ಣು ಮೂಗು ಎಲ್ಲವೂ ರಾಗಿಮುದ್ದೆಯಂತೆ ಕಲಸಿ ಬರುವುದು ಇದಕ್ಕಾಗಿಯೇ.

ಅರ್ಜಿಗಳ ವಿಷಯದಲ್ಲಿ ಹತ್ತರಲ್ಲಿ ಎಂಟು ತೊಡಕುಗಳು ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದು ತಿಳಿಯುವುದರಿಂದ ಬರುತ್ತವೆ ಎಂದು ನಮಗೆ ತೋರುತ್ತದೆ. ಗಿರಣಿಯ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿದೀತು. ಒಂದು ಥಾನು ಬಟ್ಟೆಯಿದೆ. ಅದರಿಂದ ಎರಡು ಗಜ ಕತ್ತರಿಸಿಕೊಳ್ಳುವುದು ಒಂದು ಕೆಲಸ, ಇದು ಕ್ರಾಪ್. ಇಡೀ ಬಟ್ಟೆಯನ್ನು ನೀರಿಗೆ ಹಾಕಿ ಕುಗ್ಗಿಸುವುದು ಇನ್ನೊಂದು. ಹೂವು ಬಳ್ಳಿ ಎಲ್ಲವೂ ಇರುತ್ತವೆ, ಸಣ್ಣದಾಗಿರುತ್ತವೆ ಅಷ್ಟೆ. ಇದಕ್ಕೆ ರೀಸೈಜ್ ಎನ್ನುವರು. ಬಟ್ಟೆಯನ್ನು ಯಂತ್ರದಲ್ಲಿಟ್ಟು ಒತ್ತಿ ಬೇಲು ಕಟ್ಟುವುದು ಮೂರನೆಯದು, ಅಳತೆ ಅದೇ, ಹಿಡಿಯುವ ಜಾಗ ಮಾತ್ರ ಕಡಮೆ, ಇದು ಕಂಪ್ರೆಸ್. ಬಟ್ಟೆಯ ಬೇಲನ್ನು ಬಿಚ್ಚಿದರೆ ಮಡಿಕೆ ಬಿದ್ದರೂ ಬಟ್ಟೆ ಬಟ್ಟೆಯೇ. ಜೆಪೆಗ್ ಎಂಬ ಬೇಲು ಹಾಗಲ್ಲ. ಒತ್ತಿದಷ್ಟೂ ನೂಲು ಸವೆಯುತ್ತದೆ, ಸವೆದದ್ದು ಮರಳಿ ಬಾರದು. ಅರ್ಜಿಯಲ್ಲಿ ‘ಇಷ್ಟು ಪಿಕ್ಸೆಲ್’ ಎಂದು ಕೇಳಿದರೆ ಅದು ಮೊದಲೆರಡು ಕೆಲಸಗಳ ಮಾತು; ‘ಇಷ್ಟು ಕೆಬಿ’ ಎಂದು ಕೇಳಿದರೆ ಮೂರನೆಯದರ ಮಾತು.

ಬ್ಯಾಂಕ್ ಪರೀಕ್ಷೆಗಳನ್ನು ನಡೆಸುವ ಐಬಿಪಿಎಸ್ ಸಂಸ್ಥೆಯ ಅರ್ಜಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಮ್ಮಲ್ಲಿ ಹೆಚ್ಚು ಜನ ಹಾಕುವುದು ಅದನ್ನೇ. ಈಚಿನ ವರ್ಷಗಳ ಪ್ರಕಟಣೆಗಳಲ್ಲಿ ಫೋಟೋ ಅಡ್ಡ ೨೦೦, ಎತ್ತರ ೨೩೦ ಪಿಕ್ಸೆಲ್ ಇರಬೇಕು, ೨೦ ಕೆಬಿಗೆ ಕಡಮೆಯಾಗದೆ ೫೦ ಕೆಬಿಗೆ ಮೀರದೆ ಇರಬೇಕು ಎಂದಿರುತ್ತದೆ. ರುಜು ೧೪೦ಕ್ಕೆ ೬೦ ಪಿಕ್ಸೆಲ್, ೧೦ರಿಂದ ೨೦ ಕೆಬಿ. ಎಡಗೈ ಹೆಬ್ಬೆರಳ ಗುರುತು ೨೪೦ಕ್ಕೆ ೨೪೦ರ ಚೌಕ. ಕೈಬರಹದ ಪ್ರಮಾಣ ವಾಕ್ಯ ೮೦೦ಕ್ಕೆ ೪೦೦. ಅಂದರೆ ಒಂದೇ ಅರ್ಜಿಗೆ ನಾಲ್ಕು ಆಕಾರದ ನಾಲ್ಕು ಕತ್ತರಿಕೆಗಳು.

ಫೋನನ್ನು ನೆಟ್ಟಗೆ ಹಿಡಿದು ತೆಗೆದ ಪಟ ಸಾಮಾನ್ಯವಾಗಿ ಅಡ್ಡ ೩ ಪಾಲು, ಎತ್ತರ ೪ ಪಾಲು ಇರುತ್ತದೆ. ಅದನ್ನು ಕತ್ತರಿಸದೆ ನೇರವಾಗಿ ೨೦೦ಕ್ಕೆ ೨೩೦ ಎಂದು ಕುಗ್ಗಿಸಿದರೆ ಏನಾಗುತ್ತದೆ? ಅಡ್ಡ ೨೦೦ ಆದಾಗ ಎತ್ತರ ನ್ಯಾಯವಾಗಿ ೨೬೭ ಆಗಬೇಕು. ನಾವು ಅದನ್ನು ೨೩೦ಕ್ಕೆ ಅದುಮಿದ್ದೇವೆ. ಮುಖ ಬಿಸಿಲಿಗಿಟ್ಟ ಬೆಣ್ಣೆಯಂತೆ ಅಗಲವಾಗುತ್ತದೆ. ಯಂತ್ರ ಅದನ್ನು ಒಪ್ಪಿಕೊಂಡರೂ ಪರೀಕ್ಷೆಯ ಬಾಗಿಲಲ್ಲಿ ಕೂತವರು ಒಮ್ಮೆ ಪಟವನ್ನೂ ಒಮ್ಮೆ ನಮ್ಮನ್ನೂ ನೋಡುವ ಹೊತ್ತು ಬಹಳ ದೀರ್ಘವಾಗಿ ತೋರುತ್ತದೆ. ಆದಕಾರಣ ಮೊದಲು ಅದೇ ಆಕಾರಕ್ಕೆ ಕತ್ತರಿಸಿ, ಆಮೇಲೆ ಕುಗ್ಗಿಸತಕ್ಕದ್ದು.

ಇದಕ್ಕೆ ಗಿಂಪ್ ಎಂಬ ಸಾಧನ ಸಾಕು. ಅಮೆರಿಕದ ಬರ್ಕ್ಲಿಯಲ್ಲಿ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ೧೯೯೫ರಲ್ಲಿ ಇದನ್ನು ಬರೆಯತೊಡಗಿದರು. ಹಣ ಕೊಡಬೇಕಾಗಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ೧೯೯೦ರಲ್ಲಿ ಬಂದ ಫೋಟೋಶಾಪ್ ಹೆಸರುವಾಸಿಯಾದದ್ದು, ಆದರೆ ಬಾಡಿಗೆ ಕಟ್ಟಬೇಕು. ಅರ್ಜಿಯ ಫೋಟೋ ಕತ್ತರಿಸುವುದಕ್ಕೆ ಅದು ಇರುವೆ ಹೊಡೆಯಲು ಒನಕೆ ತಂದ ಹಾಗೆ. ಗಿಂಪಿನಲ್ಲಿ ಪಟವನ್ನು ತೆರೆದು ಕ್ರಾಪ್ ಗುರುತನ್ನು ಒತ್ತಿದರೆ ಪಕ್ಕದಲ್ಲಿ ‘ಫಿಕ್ಸೆಡ್’ ಎಂದೊಂದು ಕಿರುಚೌಕ ಕಾಣುತ್ತದೆ. ಅದಕ್ಕೆ ಟಿಕ್ಕು ಹಾಕಿ, ‘ಆಸ್ಪೆಕ್ಟ್ ರೇಶಿಯೊ’ ಆರಿಸಿ, ಕೆಳಗಿನ ಖಾನೆಯಲ್ಲಿ ೨೦೦:೨೩೦ ಎಂದು ತುಂಬಬೇಕು. ಇನ್ನು ಇಲಿಯನ್ನು ಎಷ್ಟೇ ಎಳೆದರೂ ಚೌಕಟ್ಟು ದೊಡ್ಡದು ಚಿಕ್ಕದು ಆಗುತ್ತದೆಯೇ ವಿನಾ ಆಕಾರ ಕೆಡುವುದಿಲ್ಲ. ತಲೆಯ ಮೇಲೆ ಸ್ವಲ್ಪ ಬಯಲು ಬಿಟ್ಟು, ಎರಡು ಭುಜಗಳ ಮೇಲ್ಭಾಗ ಸೇರುವಂತೆ ಇಟ್ಟುಕೊಂಡು ಎಂಟರ್ ಒತ್ತಿದರೆ ಕತ್ತರಿಸಿಹೋಯಿತು. ಮುಂದೆ ‘ಇಮೇಜ್’ ಎಂಬಲ್ಲಿ ‘ಸ್ಕೇಲ್ ಇಮೇಜ್’ ತೆಗೆದು ಅಡ್ಡ ೨೦೦ ಎಂದು ಬರೆದರೆ ಎತ್ತರ ೨೩೦ ತಾನಾಗಿ ಬರುತ್ತದೆ. ಪಕ್ಕದ ಸರಪಳಿ ಗುರುತು ಕೂಡಿಕೊಂಡಿದೆಯೇ ಎಂದು ನೋಡಿಕೊಳ್ಳಬೇಕು. ಒಂದೆರಡು ಚುಕ್ಕೆ ಹೆಚ್ಚುಕಡಮೆ ಬಂದರೆ ಸರಪಳಿ ಬಿಡಿಸಿ ಕೈಯಿಂದಲೇ ತಿದ್ದಬಹುದು, ಅಷ್ಟರಿಂದ ಮುಖಕ್ಕೆ ಏನೂ ಆಗದು. ಕೊನೆಗೆ ‘ಎಕ್ಸ್‌ಪೋರ್ಟ್’ ಮಾಡಿ ಜೆಪೆಗ್ ಎಂದು ಉಳಿಸುವಾಗ ಗುಣಮಟ್ಟದ ಅಂಕಿಯೊಂದನ್ನು ಕೇಳುತ್ತದೆ. ‘ಪ್ರಿವ್ಯೂ’ ತೋರಿಸು ಎಂಬುದಕ್ಕೆ ಟಿಕ್ಕು ಹಾಕಿದರೆ ಕಡತ ಎಷ್ಟು ಕೆಬಿ ಆಗುವುದೆಂದು ಉಳಿಸುವ ಮುಂಚೆಯೇ ಗೊತ್ತಾಗುತ್ತದೆ. ೧೨ ಕೆಬಿ ಎಂದು ತೋರಿಸಿದರೆ ಅದೂ ತಿರಸ್ಕೃತವೇ. ಅಂಕಿಯನ್ನು ೯೫ರ ಆಚೆಗೆ ಏರಿಸಿ ೨೦ ದಾಟಿಸಬೇಕು. ಕಡಮೆಯಾದಷ್ಟೂ ಒಳ್ಳೆಯದೆಂದು ಎಲ್ಲರೂ ತಿಳಿದಿದ್ದಾರೆ, ಹಾಗೇನೂ ಇಲ್ಲ.

ಈ ಕೆಲಸಗಳಿಗೆ ಒಂದು ಸರದಿಯಿದೆ. ಪಟ ಓರೆಯಾಗಿದ್ದರೆ ಮೊದಲು ನೆಟ್ಟಗೆ ಮಾಡಬೇಕು, ಏಕೆಂದರೆ ತಿರುಗಿಸಿದಾಗ ಮೂಲೆಗಳು ಖಾಲಿಯಾಗುತ್ತವೆ. ಆಮೇಲೆ ಕತ್ತರಿಸುವುದು, ಆಮೇಲೆ ಕುಗ್ಗಿಸುವುದು, ಕಟ್ಟಕಡೆಗೆ ಒತ್ತುವುದು. ಅನೇಕರು ಮಾಡುವುದು ಇದಕ್ಕೆ ವಿರುದ್ಧ: ಮೊದಲೇ ಯಾವುದೋ ಉಚಿತ ತಾಣದಲ್ಲಿ ೪೦ ಕೆಬಿಗೆ ಒತ್ತಿಕೊಂಡು ಬಂದು, ಅದರೊಳಗಿನಿಂದ ಮುಖ ಕತ್ತರಿಸಲು ಕೂಡುವರು. ಸಿಗುವುದು ೫-೬ ಕೆಬಿಯ ಮಸುಕು. ಊರಿಂದ ತಮ್ಮನ ಫೋಟೋವನ್ನು ವಾಟ್ಸಾಪಿನಲ್ಲಿ ತರಿಸಿಕೊಳ್ಳುವವರೂ ಇದನ್ನು ಗಮನಿಸಬೇಕು. ಅಲ್ಲಿ ಪಟವಾಗಿ ಕಳಿಸಿದರೆ ದಾರಿಯಲ್ಲೇ ಕುಗ್ಗಿಸಿ ಒತ್ತಿಬಿಡುತ್ತದೆ. ‘ಡಾಕ್ಯುಮೆಂಟ್’ ಎಂದು ಲಗತ್ತಿಸಿ ಕಳಿಸಲು ಹೇಳಿದರೆ ಇದ್ದದ್ದು ಇದ್ದಂತೆ ಬರುತ್ತದೆ.

ರುಜುವಿಗೆ ಬಿಳಿ ಕಾಗದ, ಕಪ್ಪು ಶಾಯಿ. ಕಾಗದವನ್ನು ಮೇಜಿನ ಮೇಲಿಟ್ಟು ನೆತ್ತಿಯ ನೇರದಿಂದ, ಕೈನೆರಳು ಬೀಳದಂತೆ ಪಟ ತೆಗೆದು, ಅಕ್ಷರಗಳಿಗೆ ಹತ್ತಿರವಾಗಿ ೭:೩ರ ಆಕಾರದಲ್ಲಿ ಕತ್ತರಿಸಬೇಕು. ಇಡೀ ಹಾಳೆಯನ್ನು ಹಾಗೆಯೇ ಬಿಟ್ಟರೆ ೧೪೦ ಚುಕ್ಕೆಯ ಅಗಲದಲ್ಲಿ ರುಜು ಸತ್ತ ಸೊಳ್ಳೆಯಂತೆ ಕಾಣುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದ ರುಜುವನ್ನು ಐಬಿಪಿಎಸ್‌ನವರು ಒಪ್ಪುವುದಿಲ್ಲ. ಕೆಲವು ಪರೀಕ್ಷೆಗಳಿಗೆ ಈ ಶ್ರಮವೇ ಬೇಡ: ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನವರು ೨೦೨೪ರಲ್ಲಿ ಹೊಸ ತಾಣ ಮಾಡಿದ ಮೇಲೆ ಅರ್ಜಿ ತುಂಬುವಾಗಲೇ ಕ್ಯಾಮೆರಾದ ಮುಂದೆ ಕೂರಿಸಿ ಮುಖ ತೆಗೆದುಕೊಳ್ಳುವ ಕ್ರಮವನ್ನು ತಂದರು. ಪಾಸ್‌ಪೋರ್ಟ್ ಕಚೇರಿಯಲ್ಲೂ ದೊಡ್ಡವರ ಪಟವನ್ನು ಅಲ್ಲಿಯೇ ತೆಗೆಯುತ್ತಾರೆ. ೪ ವರ್ಷಕ್ಕೆ ಕಡಮೆಯ ಮಗುವಿಗೆ ಮಾತ್ರ ಬಿಳಿ ಹಿನ್ನೆಲೆಯ ಪಟ ನಾವೇ ಒಯ್ಯಬೇಕು. ಅಡ್ಡ ೩.೫, ಎತ್ತರ ೪.೫ ಸೆಂಟಿಮೀಟರ್. ಅಂಗುಲಕ್ಕೆ ೩೦೦ ಚುಕ್ಕೆಯ ಲೆಕ್ಕದಲ್ಲಿ ಇದು ೪೧೩ಕ್ಕೆ ೫೩೧ ಚುಕ್ಕೆ ಆಗುತ್ತದೆ. ೪ಕ್ಕೆ ೬ ಅಂಗುಲದ ಒಂದೇ ಹಾಳೆಯಲ್ಲಿ ಇಂಥ ೮ ಪಟ ಹಿಡಿಸುತ್ತವೆ. ಸ್ಟುಡಿಯೋದಲ್ಲಿ ಒಂದು ಹಾಳೆಯ ಅಚ್ಚಿನ ಹಣ ಮಾತ್ರ ಕೊಟ್ಟು ಬರಬಹುದು.

ಅರ್ಜಿಗಳಿಗಿಂತ ನಮ್ಮ ಮನಸ್ಸಿಗೆ ಹತ್ತಿರವಾದ ಇನ್ನೊಂದು ಕತ್ತರಿಕೆಯುಂಟು. ಮನೆಯಲ್ಲಿ ಅಜ್ಜಿ ತೀರಿಕೊಳ್ಳುತ್ತಾರೆ. ಗೋಡೆಗೆ ಹಾಕಲು ಪಟ ಬೇಕು. ಅವರು ಬದುಕಿದ್ದಾಗ ಒಬ್ಬರೇ ಕೂತು ಪಟ ತೆಗೆಸಿಕೊಂಡವರೇ ಅಲ್ಲ. ಇರುವುದು ಚಿಕ್ಕಪ್ಪನ ಮದುವೆಯ ಗುಂಪಿನ ಪಟ ಒಂದೇ, ಅದರಲ್ಲಿ ಎರಡನೆಯ ಸಾಲಿನ ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದಾರೆ. ಇಂಥ ಪಟಗಳನ್ನು ತಂದವರನ್ನು ವಾಚನಾಲಯದಲ್ಲಿ ನಾವು ಒಂದಲ್ಲ ಎರಡಲ್ಲ ಸಲ ನೋಡಿದ್ದೇವೆ. ಹೆಚ್ಚಿನವರು ಮಾಡುವುದೇನೆಂದರೆ, ಟ್ಯೂಬ್‌ಲೈಟಿನ ಕೆಳಗೆ ಫೋನಿನಿಂದ ಆ ಪಟದ ಪಟ ತೆಗೆದು, ಅದರಿಂದ ಮುಖ ಕತ್ತರಿಸಿ, ದೊಡ್ಡದು ಮಾಡಿಸುವುದು. ಹೊಳಪು ಕಾಗದದ ಮೇಲೆ ದೀಪದ ಬಿಳುಪು, ಅದರೊಳಗೆ ಒಂದು ಮುಖದ ನೆರಳು, ಅಷ್ಟೇ ಸಿಗುತ್ತದೆ.

ಲೆಕ್ಕ ಹಾಕಿ ನೋಡೋಣ. ಅಂಚೆಕಾರ್ಡಿನಷ್ಟು ದೊಡ್ಡ ಪಟದಲ್ಲಿ ಹದಿನೈದು ಜನ ನಿಂತಿದ್ದರೆ ಒಂದು ಮುಖದ ಎತ್ತರ ಹೆಚ್ಚೆಂದರೆ ೧ ಸೆಂಟಿಮೀಟರ್. ಅದನ್ನು ಸ್ಕ್ಯಾನ್ ಯಂತ್ರದಲ್ಲಿ ಅಂಗುಲಕ್ಕೆ ೩೦೦ ಚುಕ್ಕೆಯಂತೆ ಹಾಯಿಸಿದರೆ ಆ ಮುಖಕ್ಕೆ ಸಿಗುವುದು ೧೧೮ ಚುಕ್ಕೆಯ ಎತ್ತರ. ೬೦೦ಕ್ಕೆ ಹಾಯಿಸಿದರೆ ೨೩೬; ೧,೨೦೦ಕ್ಕೆ ೪೭೨. ಈ ೪೭೨ ಚುಕ್ಕೆಗಳನ್ನು ಚೊಕ್ಕವಾಗಿ ಅಚ್ಚು ಹಾಕಿದರೆ ೪ ಸೆಂಟಿಮೀಟರ್ ಎತ್ತರದ ಮುಖ ಬರುತ್ತದೆ. ಅಂದರೆ ಸಣ್ಣ ಚೌಕಟ್ಟಿನ ಪಟಕ್ಕೆ ತಕ್ಕಷ್ಟಾಯಿತು. ಆದಕಾರಣ ಜೆರಾಕ್ಸ್ ಅಂಗಡಿಯಲ್ಲಿ ಕೇಳುವಾಗ ‘ಸ್ಕ್ಯಾನ್ ಮಾಡಿಕೊಡಿ’ ಎಂದಷ್ಟೇ ಹೇಳದೆ ‘೧,೨೦೦ ಡಿಪಿಐ’ ಎಂದು ಹೇಳಬೇಕು. ಹೇಳದಿದ್ದರೆ ಅವರು ೨೦೦ಕ್ಕೋ ೩೦೦ಕ್ಕೋ ಹಾಯಿಸಿ ಕೊಡುತ್ತಾರೆ, ಕಾಗದ ಪತ್ರಗಳಿಗೆ ಅಷ್ಟು ಸಾಕಲ್ಲ. ಅದಕ್ಕೂ ಮೇಲೆ ಹೋಗಿ ಪ್ರಯೋಜನವಿಲ್ಲ, ಹಳೆಯ ಕಾಗದದ ಒರಟುತನವೇ ದೊಡ್ಡದಾಗಿ ಕಾಣುತ್ತದೆ. ನೆಗೆಟಿವ್ ಎಲ್ಲಾದರೂ ಪೆಟ್ಟಿಗೆಯ ತಳದಲ್ಲಿದ್ದರೆ ಅದು ಬಂಗಾರ. ಪಟಕ್ಕಿಂತ ಅದರಲ್ಲಿ ಮುಖದ ವಿವರ ಹೆಚ್ಚು.

ಈಗ ಫೋನಿನಲ್ಲಿ ಮಸುಕಾದ ಮುಖವನ್ನು ಒಂದು ಗುಂಡಿಯಿಂದ ನಿಚ್ಚಳ ಮಾಡುವ ಕೃತಕ ಬುದ್ಧಿಯ ಸಾಧನಗಳು ಬಂದಿವೆ. ಅವುಗಳ ಕೆಲಸ ಸೊಗಸಾಗಿಯೇ ಇರುತ್ತದೆ. ಆದರೆ ಇಲ್ಲದ ಚುಕ್ಕೆಗಳನ್ನು ಅವು ಎಲ್ಲಿಂದ ತಂದವು? ಬೇರೆ ಲಕ್ಷಾಂತರ ಮುಖಗಳನ್ನು ನೋಡಿ ಕಲಿತ ಊಹೆಯಿಂದ ತುಂಬಿದವು. ಆ ರೆಪ್ಪೆ, ಆ ತುಟಿಯ ಅಂಚು ಯಾವ ಅಜ್ಜಿಯದೂ ಅಲ್ಲ. ಮೊಮ್ಮಕ್ಕಳು ಮುಂದೆ ಆ ಮುಖವನ್ನೇ ಅಜ್ಜಿ ಎಂದು ನಂಬುತ್ತಾರೆ. ಮಸುಕಾದರೂ ನಿಜವಾದ ಮುಖವೇ ಗೋಡೆಯ ಮೇಲಿರಲಿ ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರೂ ಇದ್ದಾರೆ, ಅವರ ದುಃಖ ನಮಗೆ ತಿಳಿಯುತ್ತದೆ.

ಅಜ್ಜಿಯನ್ನು ಕತ್ತರಿಸಿಕೊಂಡ ಮೇಲೆ ಗುಂಪಿನ ಪಟವನ್ನು ಬಿಸಾಡಬಾರದು. ಕತ್ತರಿಸಿದ ಪಟವನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲವನ್ನು ಹಾಗೆಯೇ ಇಟ್ಟುಕೊಳ್ಳಬೇಕು. ಅವರ ಹೆಗಲ ಮೇಲೆ ಯಾರದೋ ಕೈಯಿರುತ್ತದೆ, ಪಕ್ಕದಲ್ಲಿ ಯಾರೋ ನಿಂತಿರುತ್ತಾರೆ. ಆ ಕೈ ಯಾರದೆಂದು ಹೇಳಬಲ್ಲವರು ಊರಿನಲ್ಲಿ ಇನ್ನೂ ಒಬ್ಬಿಬ್ಬರು ಇರುವಾಗಲೇ ಕೇಳಿ, ಪಟದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದಿಡುವುದು ಒಳ್ಳೆಯದು.

ಕತ್ತರಿಸಿದ್ದು ಏನೆಂಬುದರ ಮೇಲೆ ಪಟದ ಅರ್ಥವೇ ಬದಲಾಗುವುದುಂಟು. ಕ್ಯೂಬಾದ ಚೆ ಗೆವಾರಾ ಅವರ ಮುಖವನ್ನು ಪೋರೂರಿನ ಆಟೋಗಳ ಬೆನ್ನಿನ ಮೇಲೂ ನೋಡಬಹುದು. ಆಲ್ಬರ್ಟೊ ಕೋರ್ಡಾ ಎಂಬವರು ೧೯೬೦ನೇ ಮಾರ್ಚ್ ೫ರಂದು ಹವಾನಾ ನಗರದಲ್ಲಿ ಆ ಪಟ ತೆಗೆದಾಗ ಒಂದು ಬದಿಯಲ್ಲಿ ಬೇರೊಬ್ಬ ಮನುಷ್ಯ, ಇನ್ನೊಂದು ಬದಿಯಲ್ಲಿ ತಾಳೆಯ ಗರಿ ಇದ್ದವು. ಎರಡನ್ನೂ ಕತ್ತರಿಸಿದ ಮೇಲೆ ಉಳಿದ ಮುಖ ಲೋಕವನ್ನೆಲ್ಲ ಸುತ್ತಿತು. ೨೦೨೦ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ನಡೆದದ್ದು ಬೇರೆ ಬಗೆ. ಹವಾಮಾನದ ಕೆಡುಕಿನ ವಿರುದ್ಧ ಹೋರಾಡುವ ಐವರು ತರುಣಿಯರು ಸಾಲಾಗಿ ನಿಂತ ಪಟವನ್ನು ಅಸೋಸಿಯೇಟೆಡ್ ಪ್ರೆಸ್ಸಿನವರು ಪ್ರಕಟಿಸಿದಾಗ ಅಂಚಿನಲ್ಲಿದ್ದ ಉಗಾಂಡಾದ ವನೆಸ್ಸಾ ನಕಾಟೆ ಕಾಣೆಯಾಗಿದ್ದರು. ಉಳಿದ ನಾಲ್ವರೂ ಬಿಳಿಯರು. ಹಿಂದಿದ್ದ ಕಟ್ಟಡ ಕಣ್ಣಿಗೆ ಅಡ್ಡ ಬರುತ್ತಿತ್ತೆಂದು ಕತ್ತರಿಸಿದ್ದಾಗಿ ಸಂಸ್ಥೆ ಹೇಳಿತು, ಆಮೇಲೆ ಕ್ಷಮೆ ಕೇಳಿ ಪೂರ್ತಿ ಪಟವನ್ನು ಹಾಕಿತು. ಸಂಘದ ಸಮಾರಂಭದ ಪಟಗಳನ್ನು ಈ ಪತ್ರಿಕೆಗೆ ಕತ್ತರಿಸಿಕೊಡುವ ಮಿತ್ರರು ಅಂಚಿನಲ್ಲಿ ನಿಂತ ಅಡುಗೆಯವರನ್ನೂ ಕುರ್ಚಿ ಹಾಕಿದವರನ್ನೂ ಒಮ್ಮೆ ನೋಡಿ ಕತ್ತರಿಸಬೇಕೆಂದು ಕೋರುತ್ತೇವೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಕತ್ತರಿಸಿದ್ದೆಲ್ಲ ಕಸದ ಬುಟ್ಟಿಗೆ ಹೋಯಿತೆಂದು ತಿಳಿಯಬೇಡಿ. ಕತ್ತರಿಸುವುದರಲ್ಲಿ ಎರಡು ಬಗೆಯುಂಟು: ನಿಜವಾಗಿ ತೆಗೆದುಹಾಕುವುದು, ಮತ್ತು ಪರದೆ ಎಳೆದು ಮರೆಮಾಡುವುದು. ವರ್ಡ್ ಕಾಗದದೊಳಗೆ ಪಟವನ್ನು ಸೇರಿಸಿ ಅಲ್ಲಿಯೇ ಕ್ರಾಪ್ ಮಾಡಿದರೆ ಅದು ಎರಡನೆಯ ಬಗೆ. ಸಂಬಳದ ಚೀಟಿಯ ಮೇಲ್ಭಾಗ ಮಾತ್ರ ಕಾಣುವಂತೆ ಕತ್ತರಿಸಿ ಕಳಿಸಿದ್ದೇವೆಂದು ನಾವು ನೆಮ್ಮದಿಯಾಗಿರುತ್ತೇವೆ. ಪಡೆದವರು ಅಂಚನ್ನು ಹಿಡಿದು ಎಳೆದರೆ ಸಾಲ ಕಡಿತದ ಲೆಕ್ಕವೂ ಹೊರಗೆ ಬರುತ್ತದೆ. ಅಲ್ಲಿ ‘ಕಂಪ್ರೆಸ್ ಪಿಕ್ಚರ್ಸ್’ ಎಂಬಲ್ಲಿ ಹೋಗಿ ಕತ್ತರಿಸಿದ ಭಾಗವನ್ನು ಅಳಿಸು ಎಂದು ಬೇರೆಯಾಗಿ ಹೇಳಬೇಕು. ಪಿಡಿಎಫ್ ಕಾಗದವನ್ನು ಕ್ರಾಪ್ ಮಾಡುವ ಸಾಧನಗಳೂ ಸಾಮಾನ್ಯವಾಗಿ ಮರೆಮಾಡುವವೇ. ಇದಕ್ಕಿಂತ ಸುಲಭವೆಂದರೆ ಮೊದಲು ಪೇಂಟಿನಲ್ಲೋ ಗಿಂಪಿನಲ್ಲೋ ಕತ್ತರಿಸಿ ಜೆಪೆಗ್ ಮಾಡಿ, ಆ ಹೊಸ ಪಟವನ್ನೇ ವರ್ಡಿಗೆ ಸೇರಿಸುವುದು.

ತೆಗೆದುಹಾಕಿದ್ದೇವೆಂದು ಸಾಧನವೇ ನಂಬಿಸಿ ಮೋಸಹೋದದ್ದೂ ಉಂಟು. ೨೦೨೩ರ ಮಾರ್ಚಿನಲ್ಲಿ ಸೈಮನ್ ಆರನ್ಸ್, ಡೇವಿಡ್ ಬುಕಾನನ್ ಎಂಬ ಇಬ್ಬರು ಇದನ್ನು ಬಯಲಿಗೆ ತಂದರು. ಗೂಗಲಿನ ಪಿಕ್ಸೆಲ್ ಫೋನುಗಳಲ್ಲಿ ಪರದೆಯ ಚಿತ್ರವನ್ನು ತೆಗೆದು ಅಲ್ಲಿನ ಸಾಧನದಿಂದಲೇ ಕತ್ತರಿಸಿದರೆ, ಹೊಸ ಸಣ್ಣ ಕಡತವನ್ನು ಹಳೆಯ ದೊಡ್ಡ ಕಡತದ ಮೇಲೆಯೇ ಬರೆಯುತ್ತಿತ್ತು. ಮಿಕ್ಕ ಬಾಲವನ್ನು ಅಳಿಸುತ್ತಿರಲಿಲ್ಲ. ಸ್ಲೇಟಿನಲ್ಲಿ ಹತ್ತು ಸಾಲಿನ ಲೆಕ್ಕವಿದ್ದಾಗ ಮೇಲಿನ ಮೂರು ಸಾಲನ್ನಷ್ಟೇ ಒರೆಸಿ ಹೊಸದು ಬರೆದಂತೆ. ಬಲ್ಲವರು ಆ ಬಾಲದಿಂದ ಕತ್ತರಿಸಿದ ಭಾಗವನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದಾಗಿತ್ತು. ವಿಂಡೋಸ್ ೧೧ರ ಸ್ನಿಪ್ಪಿಂಗ್ ಟೂಲಿನಲ್ಲೂ ಅದೇ ದೋಷ ಕಂಡುಬಂತು. ಎರಡನ್ನೂ ಅದೇ ತಿಂಗಳು ಸರಿಪಡಿಸಿದರು. ಆದರೆ ಅದಕ್ಕೆ ಮುಂಚೆ ಕಳಿಸಿಹೋದ ಪಟಗಳನ್ನು ಸರಿಪಡಿಸುವವರು ಯಾರು?

ಆಧಾರ್ ಕಾರ್ಡಿನ ವಿಷಯದಲ್ಲಿ ಇದು ತಮಾಷೆಯಲ್ಲ. ಪರವೂರಿನಲ್ಲಿ ಬಾಡಿಗೆ ಮನೆಗೆ, ಸಿಮ್ಮಿಗೆ, ಲಾಡ್ಜಿಗೆ, ಕೆಲಸಕ್ಕೆ ಎಲ್ಲಕ್ಕೂ ನಾವು ಅದರ ಪಟವನ್ನು ಕಳಿಸುತ್ತಲೇ ಇರುತ್ತೇವೆ. ೨೦೨೨ನೇ ಮೇ ೨೭ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಕಂಡಕಂಡವರಿಗೆ ಆಧಾರಿನ ನಕಲು ಕೊಡಬೇಡಿ, ಅಂಕಿ ಮರೆಮಾಡಿದ ಪ್ರತಿಯನ್ನು ಕೊಡಿ ಎಂದು ಒಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಗೊಂಡರು. ಎರಡೇ ದಿನಕ್ಕೆ, ಮೇ ೨೯ರಂದು, ಅಪಾರ್ಥಕ್ಕೆ ಎಡೆಯಾದೀತೆಂದು ಕೇಂದ್ರ ಸರ್ಕಾರ ಅದನ್ನು ಹಿಂದಕ್ಕೆ ಪಡೆದು, ಸಾಮಾನ್ಯ ವಿವೇಕದಿಂದ ನಡೆದುಕೊಳ್ಳಿ ಎಂದಿತು. ಪ್ರಕಟಣೆ ಹೋಯಿತು, ಮರೆಮಾಡಿದ ಪ್ರತಿ ಉಳಿಯಿತು. ಅದು ಈಗಲೂ ಸಿಗುತ್ತದೆ.

ನಮ್ಮವರು ಅಷ್ಟು ದೂರ ಹೋಗದೆ ಪಟದಲ್ಲೇ ಅಂಕಿಯ ಸಾಲನ್ನು ಕತ್ತರಿಸಿ ಕಳಿಸುವುದುಂಟು. ಪಕ್ಕದ ಚುಕ್ಕೆ ಚುಕ್ಕೆಯ ಚೌಕವನ್ನು ಮಾತ್ರ ಹಾಗೆಯೇ ಬಿಟ್ಟಿರುತ್ತಾರೆ. ಕ್ಯೂಆರ್ ಎಂಬ ಆ ಚೌಕದೊಳಗೆ ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲವೂ ಅಡಗಿರುತ್ತವೆ. ಹೊಸ ಕಾರ್ಡುಗಳ ಚೌಕದಲ್ಲಿ ಆಧಾರಿನ ಕೊನೆಯ ನಾಲ್ಕು ಅಂಕಿಗಳಷ್ಟೇ ಇರುತ್ತವೆ. ಮೊದಮೊದಲು ಕೊಟ್ಟ ಹಳೆಯ ಕಾರ್ಡುಗಳ ಚೌಕದಲ್ಲಿ ೧೨ ಅಂಕಿಗಳೂ ಇವೆ, ಯಾವ ಫೋನಿನಿಂದಲಾದರೂ ಓದಬಹುದು. ಊರಿನಲ್ಲಿ ಹತ್ತು ವರ್ಷದ ಹಿಂದೆ ಮಾಡಿಸಿಕೊಂಡು ಲ್ಯಾಮಿನೇಶನ್ ಹಾಕಿಸಿ ತಂದ ಕಾರ್ಡನ್ನೇ ಈಗಲೂ ಬಳಸುವವರು ಇದನ್ನು ಗಮನಿಸಬೇಕು. ಪಟ ತೆಗೆದ ಜಾಗ, ಹೊತ್ತು ಮುಂತಾದ ವಿವರಗಳೂ ಅಂಚು ಕತ್ತರಿಸಿದ ಮಾತ್ರಕ್ಕೆ ಕಡತದಿಂದ ಹೋಗುವುದಿಲ್ಲ.

ಆದಕಾರಣ ಆಧಾರಿಗೆ ಮಾತ್ರ ಕ್ರಾಪನ್ನು ನೆಚ್ಚದೆ ಪ್ರಾಧಿಕಾರದ ತಾಣದಿಂದಲೇ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಳ್ಳಬೇಕು. ಅದರಲ್ಲಿ ಮೊದಲ ೮ ಅಂಕಿಗಳು ಮರೆಯಾಗಿ ಕೊನೆಯ ೪ ಮಾತ್ರ ಕಾಣುತ್ತವೆ. ಕಾನೂನಿನ ಪ್ರಕಾರ ಪೂರ್ತಿ ಅಂಕಿ ಬೇಕಾದ ಕಡೆ ವಿನಾ ಬೇರೆಲ್ಲ ಕಡೆ ಅದನ್ನು ಕೊಟ್ಟು ನೋಡಬಹುದು. ಇಳಿಸಿದ ಕಡತಕ್ಕೆ ಬೀಗವಿರುತ್ತದೆ, ಹೆಸರಿನ

ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳನ್ನೂ ಹುಟ್ಟಿದ ಇಸವಿಯನ್ನೂ ಸೇರಿಸಿ ಬರೆದರೆ ತೆರೆಯುತ್ತದೆ. ಈ ಕೆಲಸವನ್ನು ವಾಚನಾಲಯದ ಕಂಪ್ಯೂಟರಿನಲ್ಲಿ ಮಾಡುವವರು ಎದ್ದುಹೋಗುವ ಮುಂಚೆ ತಮ್ಮ ಕಡತಗಳನ್ನು ಅಳಿಸಿ, ‘ರಿಸೈಕಲ್ ಬಿನ್’ ಅನ್ನೂ ಖಾಲಿಮಾಡಿ ಹೋಗಬೇಕು. ಹೋದ ವಾರ ನಾವು ಅದನ್ನು ತೆರೆದಾಗ ಒಳಗೆ ಒಂಬತ್ತು ಜನರ ರುಜುಗಳಿದ್ದವು.